ಎಳೆ ಹರಿದ ಮಧ್ಯಾಹ್ನ

ಎಣ್ಣೆ ಮೆತ್ತಿದ ಹತ್ತಿನೂಲಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ, ಇಚಲಕರಂಜಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ನೇಯುತ್ತಿದ್ದ ಪವರ್‌ಲೂಮ್ ಕಾರ್ಖಾನೆಯ ಕಟ್ಟೆಯ ಮೇಲೆ ನಾನೂ ಮಾಲೀಕರ ಮಗ ಸನ್ಮತಿಯೂ ಅಂತರಿಕ್ಷ ಯುದ್ಧದ ಕಾರ್ಡಾಟ ಆಡುತ್ತಿದ್ದೆವು. ಕಾರ್ಡುಗಳು ಅವನವು. ಹಾಗಾಗಿ ದೈತ್ಯ ಹಡಗುಗಳ ಪಡೆ ಯಾವಾಗಲೂ ಅವನದೇ. ನನಗೆ ಬರುತ್ತಿದ್ದದ್ದು ಇರುವೆಯಂಥ ಪುಟ್ಟ ರೋಬೋಟುಗಳು, ಸಾಯಲಿಕ್ಕೇ ಇದ್ದಂಥವು. ಅವತ್ತು ನನ್ನ ಕೊನೆಯ ರೋಬೋಟು ಅವನ ದೊಡ್ಡ ಹಡಗಿನ ತಂತಿ ಕತ್ತರಿಸಿತು. ಹಾಗೆ ಕತ್ತರಿಸಿದರೆ ಹಡಗು ನಿಲ್ಲುತ್ತದೆ ಎಂದು ಕಾರ್ಡಿನ ಮೇಲೆಯೇ ಬರೆದಿತ್ತು.

"ಹೋಗಲೇ, ಇಷ್ಟಕ್ಕ ಅಷ್ಟ ದೊಡ್ಡ ಹಡಗ ನಿಲ್ಲತೈತೇನ?" ಎಂದ ಸನ್ಮತಿ.

"ಒಂದ ಎಳಿ ಹರದ್ರ ನಿಮ್ಮ ಮಗ್ಗ ನಿಲ್ಲೂದಿಲ್ಲೇನ?" ಎಂದು ಕೂಗಿದೆ.

ಒಳಗಿದ್ದ ಮಾಲೀಕರು ಹೊರಗೆ ಬಂದರು. ನನ್ನನ್ನಲ್ಲ, ಹತ್ತಿರದಲ್ಲೇ ಇದ್ದ ಅಪ್ಪನನ್ನು ನೋಡಿದರು.

"ಮಗ್ಗ ಹೆಂಗ ನಿಲ್ಲಸೂದು ಅಂತ ಮಗಗೂ ಕಲಿಸೀಯಲ್ಲೋ. ಭಾಳ ಚಲೋ."

"ಆಡ್ಕೋತ ಅಂದಾನ್ರೀ ಮಾಲಕ." ಅಪ್ಪ ನನ್ನ ಕುತ್ತಿಗೆ ಹಿಡಿದರು. "ಸೋತೇನಿ ಅನ್ನಲೇ."

"ನಾ ಗೆದ್ದೇನಿ."

"ಅನ್ನಲೇ!" ಅಪ್ಪ ಹಿಡಿತ ಬಿಗಿ ಮಾಡಿದರು.

ಸೋತೆ ಎಂದೆ. ಸನ್ಮತಿ ನಕ್ಕು ಕಾರ್ಡು ಬಾಚಿಕೊಂಡ.

ನನ್ನ ನೆನಪಿನಲ್ಲಿ ಆಗ ಮಗ್ಗಗಳೆಲ್ಲ ಖಟಖಟ ಓಡುತ್ತಿವೆ. ಅದನ್ನು ನಾನು ನಂಬುವುದಿಲ್ಲ. ಆ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಮಾಲೀಕರಿಗೆ ನನ್ನ ಕೂಗು ಕೇಳಿಸಿತೆಂದರೆ, ಅವತ್ತು ಮಗ್ಗಗಳು ಆಗಲೇ ನಿಂತಿದ್ದಿರಬೇಕು. ಅಪ್ಪ ಮಗ್ಗದ ಮುಂದಲ್ಲ, ಉಳಿದ ನೇಕಾರರ ಜೊತೆ ಕೆಲಸ ನಿಲ್ಲಿಸಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಿರಬೇಕು.