ಮೂರು ತಟ್ಟು

ಕೋಳಿ ಸಾಕುವ ಮುದುಕ ಫೀಡ್ ಮೂಟೆ ಇಳಿಸಿ ತಟ್ಟಲು ಕೈ ಎತ್ತುವಷ್ಟರಲ್ಲಿ, ಶೆಡ್ಡಿನ ಒಳಗಿನಿಂದಲೇ ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಟಕ್, ಟಕ್, ಟಕ್.

ಮೂರು ಸಲ ತಟ್ಟಿ ಒಳಗೆ ಹೋಗುವುದು ಅವನದೇ ರೂಢಿ. ತಟ್ಟದೆ ನುಗ್ಗಿದರೆ ಬ್ರಾಯ್ಲರ್ ಕೋಳಿಗಳು ಬೆಚ್ಚಿ, ಒಂದರ ಮೇಲೊಂದು ಬಿದ್ದು ಸಾಯುತ್ತವೆ.

"ಒಳಗೆ ಯಾರಮ್ಮಾ?" ಹಿಂದೆ ನಿಂತಿದ್ದ ಸೊಸೆಯನ್ನು ಕೇಳಿದ.

"ಯಾರಿರ್ತಾರೆ ಮಾವ? ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆ," ಎನ್ನುತ್ತಾ ಸೊಸೆ ಫೀಡಿಗೆ ಬೆರೆಸುವ ಎಂಜೈಮ್ ಪುಡಿಯ ಡಬ್ಬಿ ಅಲ್ಲಾಡಿಸಿದಳು. "ಇದ್ಯಾಕೆ ಇಷ್ಟು ಬೇಗ ಖಾಲಿ? ಸೋಯಾ ಹಿಂಡಿ ಅರಗಲಿ ಅಂತ ನಾನು ಮೂಟೆಗೆ ಒಂದೇ ಚಮಚ ಹಾಕ್ತಿದ್ದೆ."

"ನೀನೂ ಹಾಕ್ತಿದ್ಯಾ? ನಾನೂ ಹಾಕ್ತಿದ್ದೆ. ಅಂದ್ರೆ ಇವಕ್ಕೆ ಎರಡರಷ್ಟು ಹೋಗಿದೆ." ಮುದುಕ ಬಗ್ಗಿ ನೋಡಿದ.

ಬಾಗಿಲ ಕೆಳಗಿನ ಸಂದಿಯಲ್ಲಿ ಹಳದಿ ಕಾಲುಗಳು ಸಾಲಾಗಿ ನಿಂತಿದ್ದವು. ಒಂದು ಕೋಳಿಯೂ ಕೂಗಲಿಲ್ಲ. ಒಳಗಿನಿಂದ ಮತ್ತೆ ಮೂರು ಸಲ ತಟ್ಟಿದ ಸದ್ದಾಯಿತು. ಬಹಳ ಮೆಲ್ಲಗೆ, ಅವನು ಬೆಚ್ಚಿಬೀಳಬಾರದು ಎಂಬಂತೆ.