ಉಸಿರಿದ್ದವರ ಗಾಡಿ

ಕುತ್ತಿಗೆಯ ಮೇಲೆ ಬೆರಳಿಟ್ಟ ಕ್ಷಣಕ್ಕೇ ಆಂಬುಲೆನ್ಸಿನ ನರ್ಸ್ ಸುಚಿತ್ರಾಳಿಗೆ ಗೊತ್ತಾಯಿತು. ಮನುಷ್ಯ ಹೋಗಿಬಿಟ್ಟಿದ್ದ.

ಹಿರಿಯೂರಿನ ಹೊರಗೆ, ಇಟ್ಟಿಗೆ ಗೂಡಿನ ಪಕ್ಕದ ಬೇವಿನ ಮರದಡಿ ಸಣ್ಣತಿಮ್ಮಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಗದ್ದದಿಂದ ನೆತ್ತಿಗೆ ಒಂದು ಟವೆಲ್ಲು ಬಿಗಿದಿತ್ತು.

"ಹಲ್ಲುನೋವು ಅಂತಿದ್ರು, ನಾನೇ ಕಟ್ಟಿದೆ," ಎಂದಳು ಹೆಂಡತಿ ಹುಲಿಗೆಮ್ಮ. "ಆಮೇಲೆ ಎದೆ ಹಿಡ್ಕಂಡ್ರು. ಜೋರಾಗಿ ಅಲ್ಲಾಡಿಸಬ್ಯಾಡ್ರವ್ವ. ಈಗ ತಾನೇ ಕಣ್ಣು ಮುಚ್ಯಾರೆ."

ಎದೆಯ ನೋವು ದವಡೆಗೂ ಹರಿಯುತ್ತದೆ, ಸುಚಿತ್ರಾ ಅದನ್ನು ಕಲಿತವಳೇ. ಕೈ ಮುಟ್ಟಿದಳು. ತಣ್ಣಗಿತ್ತು.

"ಬೆವತಿದ್ರು. ತಣ್ಣೀರಾಗೆ ಮೈಯೆಲ್ಲ ಒರೆಸಿದೆ."

ಸುಚಿತ್ರಾ ಬಾಯಿ ತೆರೆದಳು. ಹೇಳಬೇಕಾದ ಮಾತು ಗೊತ್ತಿತ್ತು. ನಸುಕಿನಲ್ಲಿ ಹೆದ್ದಾರಿಯ ಮೇಲೆ ಲಾರಿಗೆ ಸಿಕ್ಕ ಹುಡುಗನ ತಾಯಿಗೆ ಅದೇ ಮಾತನ್ನು ಹೇಳಿ ಬಂದಿದ್ದಳು. ಆ ತಾಯಿಯ ಉಗುರಿನ ಗೀರು ಇವಳ ತೋಳಿನಲ್ಲಿ ಇನ್ನೂ ಉರಿಯುತ್ತಿತ್ತು. ಒಂದೇ ದಿನಕ್ಕೆ ಎಷ್ಟು ಮಂದಿಗೆ ಅಂತ ಹೇಳುವುದು?

ಹೇಳಿದರೆ ಇನ್ನೊಂದು ಫಜೀತಿ. ಆಂಬುಲೆನ್ಸು ಉಸಿರಿದ್ದವರ ಗಾಡಿ. ಉಸಿರು ನಿಂತವರನ್ನು ಹತ್ತಿಸಿಕೊಳ್ಳುವಂತಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಹೋಗಬೇಕು. ಮುಂದಿನದು ಮನೆಯವರ ಪಾಡು. ಇವರ ಮನೆಯೋ, ಅಲ್ಲೆಲ್ಲೋ ಹೊಸದುರ್ಗದ ಹತ್ತಿರ ಬಾಗೂರಿನಲ್ಲಿ.

"ಹೊಸದುರ್ಗದ ಆಸ್ಪತ್ರೆಗೇ ಹೋಗಾಣ ಕಣವ್ವ," ಎಂದಳು ಹುಲಿಗೆಮ್ಮ. "ಅಲ್ಲಿ ಡಾಕ್ಟ್ರಿಗೆ ಇವರ ಎದೆ ಗೊತ್ತೈತೆ."

"ಹಿರಿಯೂರು ಇಲ್ಲೇ ಐತಲ್ಲಮ್ಮ!" ಎಂದ ಡ್ರೈವರ್ ಕೆಂಚಣ್ಣ. "ಹೆಂಗೈತೆ ಸಿಸ್ಟರ್?"

"ನಾಡಿ ಐತೆ," ಎಂದಳು ಸುಚಿತ್ರಾ. ಅಂದಮೇಲೆ ತನಗೇ ಅಚ್ಚರಿಯಾಯಿತು. "ಹೊಸದುರ್ಗಕ್ಕೇ ನಡಿ ಕೆಂಚಣ್ಣ."

ಗೂಡಿನ ಆಳುಗಳು ಸ್ಟ್ರೆಚರ್ ಎತ್ತಿದರು. ಗಾಡಿ ಹೊರಟಾಗ ಒಬ್ಬ ಹಿಂದಿನಿಂದ ಕೈಮುಗಿದ.

ಸತ್ತವನ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿ ಸುಚಿತ್ರಾ ಗಾಳಿ ಬಿಟ್ಟಳು. ಹುಲಿಗೆಮ್ಮ ಗಂಡನ ಕಾಲ ಬಳಿ ಕುಳಿತು ಎರಡೂ ಹೆಬ್ಬೆರಳು ಜೋಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಗುಡ್ಡದ ಮೇಲೆ ಗಾಳಿಯಂತ್ರಗಳು ಆಕಳಿಸುವವರ ಹಾಗೆ ತಿರುಗುತ್ತಿದ್ದವು.

ರೋಗಿಯ ಜೊತೆ ಹತ್ತಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಬದುಕ್ತಾರಾ? ಇವಳು ಅದನ್ನು ಕೇಳಲಿಲ್ಲ. ಕೇಳದಿದ್ದರೆ ಸಾಕು ಎಂದು ಸುಚಿತ್ರಾ ನೀರಿನ ಬಾಟಲಿ ಚಾಚಿದಳು.

"ಬ್ಯಾಡ ತಾಯಿ. ನಾನೀಗ ನೀರು ಮುಟ್ಟಾಂಗಿಲ್ಲ."

ಏನೋ ಹರಕೆ ಇರಬೇಕು.

"ಊರಿಗೆ ಫೋನ್ ಮಾಡಮ್ಮ, ಯಾರಾದ್ರೂ ಬರಲಿ."

"ನಂದು ಚಾರ್ಜ್ ಹೋತು. ನಿಮಗೆ ಹಚ್ಚಿದ್ದೇ ಕಡೇದು."

"ನನ್ನ ಫೋನ್ ತಗಳಮ್ಮ."

"ಬ್ಯಾಡ ಬಿಡವ್ವ." ಅವಳು ಗಾಡಿಯ ಒಳಗೆಲ್ಲ ಕಣ್ಣಾಡಿಸಿದಳು. "ಇವರಿಗೆ ಈ ಗಾಡಿ ಕಂಡ್ರೆ ಭಾಳ ಆಸೆ. ಬಸ್ಸಲ್ಲಿ ಒಂದಿನ ಸೀಟು ಸಿಕ್ಕಿದ್ದಿಲ್ಲ. ಒಂದ್ಸಲನಾದ್ರೂ ಇದ್ರಾಗೆ ಮಲ್ಕಂಡು ಊರಿಗೆ ಹೋಗಬೇಕು ಕಣೇ ಅಂತಿದ್ರು. ಥೂ, ಬಿಡ್ತು ಅನ್ನಿ ಅಂತ ನಾನು ಬೈತಿದ್ದೆ." ಅವಳು ನಕ್ಕಳೋ ಏನೋ. "ಹೋದ ವರ್ಷ ನಮ್ಮ ಗೂಡಾಗೆ ಒಬ್ಬಪ್ಪ ತೀರ್ಕಂಡ. ಗಾಡಿ ಬಂತು, ನೋಡ್ತು, ಹಂಗೇ ಹೋತು. ಪಾಪ, ಅವನ್ನ ಅಲ್ಲೇ ಮಣ್ಣು ಮಾಡಿದ್ರು."

ಸುಚಿತ್ರಾ ಮಾಸ್ಕು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. ಈ ಹೆಂಗಸಿಗೆ ನಿಜ ತಿಳಿಯುವುದು ಊರ ಹತ್ತಿರವಾದರೂ ಆಗಲಿ. ಅಳುವುದಕ್ಕೆ ಒಂದು ಹೆಗಲಾದರೂ ಸಿಗಲಿ.

ದಾರಿಗೆ ಕುರಿಮಂದೆ ಅಡ್ಡ ಬಂತು. ಕೆಂಚಣ್ಣ ಸೈರನ್ ನಿಲ್ಲಿಸಿ, ನಡುವಿನ ಕಿಟಕಿಯಲ್ಲಿ ಕತ್ತು ಹಾಕಿ ಒಂದು ಗಳಿಗೆ ನೋಡಿದ. ಸುಚಿತ್ರಾ ಕಿಟಕಿಯ ಹತ್ತಿರ ಸರಿದಳು.

"ಮಾಸ್ಕಿನಾಗೆ ಆವಿನೇ ಇಲ್ವಲ್ಲ ಸಿಸ್ಟರ್," ಎಂದ ಪಿಸುದನಿಯಲ್ಲಿ.

"ನೀನು ರೋಡು ನೋಡು ಕೆಂಚಣ್ಣ."

"ಇಬ್ಬರ ಅನ್ನಕ್ಕೂ ಕಲ್ಲು ಬೀಳ್ತೈತೆ."

"ಗೊತ್ತು."

ಕುರಿಗಳು ದಾಟಿದವು. ಕೆಂಚಣ್ಣ ದೊಡ್ಡದಾಗಿ ಉಸಿರು ಬಿಟ್ಟು, ಮತ್ತೆ ಸೈರನ್ ಹಾಕಿದ.

ಹೊಸದುರ್ಗ ಹತ್ತಿರವಾದಂತೆ ಸುಚಿತ್ರಾ ಮಾತು ಜೋಡಿಸಿಕೊಂಡಳು. ಆಸ್ಪತ್ರೆಯ ಬೀದಿಗೆ ಗಾಡಿ ತಿರುಗಿದಾಗ ಹುಲಿಗೆಮ್ಮನ ಕೈ ಹಿಡಿದಳು.

"ಅಮ್ಮಾ, ಇಲ್ಲೀವರೆಗೂ ಇದ್ರು. ಈಗ... ಈಗ ಹೋದ್ರಮ್ಮ."

ಹೇಳಿ ಕಣ್ಣು ಮುಚ್ಚಿಕೊಂಡಳು. ಉಗುರುಗಳಿಗಾಗಿ ತೋಳು ತಾನಾಗಿಯೇ ಬಿಗಿಯಿತು.

ಉಗುರು ತಾಗಲಿಲ್ಲ. ಒಂದು ಸೆರಗು ಅವಳ ಹಣೆಯ ಬೆವರು ಒರೆಸಿತು.

"ಆತು ಬಿಡವ್ವ," ಎಂದಳು ಹುಲಿಗೆಮ್ಮ. "ನೀನು ಭಾಳ ದಣಿದೀಯ. ಹೊಟ್ಟೆಗೇನಾರ ತಿನ್ನು, ಹೋಗು."

ಆಘಾತಕ್ಕೆ ಮಾತು ಹೀಗಾಗುತ್ತದೆ ಎಂದುಕೊಂಡಳು ಸುಚಿತ್ರಾ. ಗಾಡಿ ನಿಂತಿತು. ಕೆಂಚಣ್ಣ ಹಿಂಬಾಗಿಲು ತೆಗೆದ.

ಗೇಟಿನ ಬಳಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಆಗಷ್ಟೇ ಕಡಿದ ಹಸಿ ಬಿದಿರು. ಹೂವಿನ ಹಾರ ಹಿಡಿದು ನಿಂತಿದ್ದ ಹುಲಿಗೆಮ್ಮನ ಮೈದುನ ಹನುಮೇಶ ಎದುರು ಬಂದ.

"ನಿನ್ನ ಫೋನ್ ಬಂದ ಕೂಡ್ಲೇ ಗುಂಡಿ ತೋಡೋಕೆ ಆಳು ಹಚ್ಚಿ ಬಂದ್ವಿ ಅತ್ತಿಗೆ," ಎಂದ.