ಎಡಗೈಯ ಪಾಲು

ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ, ಸೋಮವಾರ ಮಧ್ಯಾಹ್ನ ಮೂರರ ಹೊತ್ತು. ತಂಗಿ ಅಟ್ಟದ ಮೇಲಿಂದ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ಇಳಿಸಿ, ಹರಿದ ಬನಿಯನ್ನಿನಿಂದ ಧೂಳು ಒರೆಸಿ, ಅಕ್ಕನ ಮಂಚದ ಎದುರಿದ್ದ ಟಿವಿಗೆ ಸಿಕ್ಕಿಸಿದಳು. ಇಬ್ಬರೂ ನಲವತ್ತು ದಾಟಿದವರು. ಆ ಪೆಟ್ಟಿಗೆ ಮುಟ್ಟಿ ಮೂವತ್ತು ವರ್ಷವಾಗಿತ್ತು.

ಅಕ್ಕನಿಗೆ ಲಕ್ವ ಹೊಡೆದು ಎರಡು ತಿಂಗಳು. ಬಲಗೈ, ಬಲಗಾಲು ಬಿದ್ದುಹೋದವು. ಊರವರಿಗೆಲ್ಲ ಬಟ್ಟೆ ಹೊಲಿಯುತ್ತ, ಗಿರಾಕಿಗಳ ಬಾಯಿಗೆ ಬಾಯಿ ಕೊಟ್ಟು ಗೆಲ್ಲುತ್ತಿದ್ದವಳಿಗೆ ಈಗ ಉಳಿದದ್ದು ಒಂದೇ ಮಾತು, ‘ಆಯ್ತು’. ಹಸಿವಾದರೂ ಆಯ್ತು, ನೋವಾದರೂ ಆಯ್ತು, ಬೇಡವಾದರೂ ಆಯ್ತು.

ತಂಗಿ ಗುರುವಾರ ಹಡಗು ಹತ್ತಬೇಕಿತ್ತು. ಹಡಗಿನ ಅಡುಗೆಮನೆಯ ಕೆಲಸ, ಎಂಟು ತಿಂಗಳು ನೀರಿನ ಮೇಲೆ. ಎರಡು ಸಲ ಇಲ್ಲ ಅನ್ನಿಸಿಕೊಂಡು ಮೂರನೆಯ ಸಲಕ್ಕೆ ಸಿಕ್ಕಿದ್ದು. ತನ್ನನ್ನು ಕೈಯಾರೆ ಸಾಕಿದ ಅಕ್ಕನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೋಗಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅಕ್ಕ ಹೋಗು ಅಂದರೆ ಹೋಗುವುದು, ಇರು ಅಂದರೆ ಇರುವುದು ಎಂದುಕೊಂಡಿದ್ದಳು.

“ಹೋಗ್ಲಾ ಅಕ್ಕ?”

“ಆಯ್ತು.”

“ಹೋಗೋದು ಬೇಡ, ಇಲ್ಲೇ ಇರ್ಲಾ?”

“ಆಯ್ತು.”

ಮುಂಬಾಗಿಲಿನ ಕೋಣೆಯೇ ಭಾವನ ಕ್ಷೌರದ ಅಂಗಡಿ. ಅವನು ನೊರೆ ಮೆತ್ತಿದ ಕೈಯಲ್ಲೇ ಒಳಗೆ ಇಣುಕಿದ. “ನೀನು ಹೋಗಮ್ಮ. ಊರೋರ ತಲೆಯೆಲ್ಲ ನೋಡ್ಕೊಂಡೋನಿಗೆ ಇವಳ ತಲೆ ಒಂದು ಬಾಚೋಕಾಗಲ್ವಾ?”

“ನಿಮ್ಮನ್ನ ಕೇಳ್ಲಿಲ್ಲ ಭಾವ. ಅವಳು ಹೇಳ್ಬೇಕು.”

“ಅದೂ ಸರಿಯೇ. ಬಾಯಿ ಇದ್ದಾಗ ನನ್ನ ಮಾತು ಯಾವತ್ತು ಕೇಳಿದ್ಲು, ಈಗ ಅವಳ ಪರವಾಗಿ ನಾನು ಹೇಳೋಕೆ.” ಅವನು ಹೊರಗೆ ಹೋದ.

ಟಿವಿಯಲ್ಲಿ ಕೆಂಪು ನಿಲುವಂಗಿಯ ಹುಡುಗಿ ಬಂದು ನಿಂತಳು. ಅಂಗೈಯಿಂದ ಬೆಂಕಿಯುಂಡೆ ಎಸೆಯುವ ಮಾಯಗಾತಿ. ಅಕ್ಕತಂಗಿ ಅವಳಿಗೆ ಇಟ್ಟ ಹೆಸರು ಕಿಡಿ. ಕಿಡಿ ಎಡದಿಂದ ಬಲಕ್ಕೆ ಮಾತ್ರ ನಡೆಯುತ್ತಾಳೆ, ದಾಟಿದ ದಾರಿ ಅವಳ ಬೆನ್ನ ಹಿಂದೆಯೇ ಮುಚ್ಚಿಹೋಗುತ್ತದೆ. ಚಿಕ್ಕಂದಿನಲ್ಲಿ ಮನೆಯಲ್ಲಿದ್ದದ್ದು ಆಟದ ಒಂದೇ ರಿಮೋಟು. ಕಿತ್ತಾಡಿ ಕಿತ್ತಾಡಿ ಸಾಕಾಗಿ ಅಕ್ಕನೇ ಪಾಲು ಮಾಡಿದ್ದಳು. ಎಡಗಡೆಯ ಗುಂಡಿ ಅಕ್ಕನದು, ಬಲಕ್ಕೆ ಒತ್ತಿ ಕಿಡಿಯನ್ನು ನಡೆಸುವುದಕ್ಕೆ. ಬಲಗಡೆಯವು ತಂಗಿಯವು, ಹಾರಿಸುವುದಕ್ಕೆ ಮತ್ತು ಬೆಂಕಿಗೆ. ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತು ಒಂದೇ ರಿಮೋಟು ಹಿಡಿಯುತ್ತಿದ್ದರು. ನಡೆಸುವವಳು ಕೇಳಿ ನಡೆಸಬಾರದು, ಹಾರಿಸುವವಳು ತಡೆಯಬಾರದು ಎಂಬುದು ಅಕ್ಕನ ಕಾಯಿದೆ.

ತಂಗಿ ಮಂಚದ ಮೇಲೆ ಅಕ್ಕನ ಬಲಕ್ಕೆ ಒತ್ತಿ ಕೂತು, ರಿಮೋಟಿನ ಎಡತುದಿಯನ್ನು ಅವಳ ಎಡಗೈಗೆ ಇಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿಡಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಲಕ್ವ ಅಕ್ಕನ ಪಾಲನ್ನು ಮುಟ್ಟಿರಲಿಲ್ಲ.

ಕಲ್ಲಿನ ಕೋಟೆ ದಾಟಿತು, ಬಾವಲಿಗಳ ಗುಹೆ ದಾಟಿತು. ಕೊನೆಗೆ ಮುರಿದ ಸೇತುವೆ ಬಂತು. ಆಚೆ ದಡ ಟಿವಿ ತೆರೆಯ ಅಂಚಿಗೆ ಚೂರೇ ಕಾಣುವ ದೊಡ್ಡ ಕಂದಕ. ಚಿಕ್ಕಂದಿನಲ್ಲಿ ತಂಗಿ ಹೆದರುತ್ತಿದ್ದದ್ದು ಇದಕ್ಕೇ.

“ಅಕ್ಕ, ನಾಳೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ. ನಿನ್ನ ಹೀಗೆ ಬಿಟ್ಟು ಎಲ್ಲಿಗೆ ಹೋಗ್ಲಿ?”

ಅಕ್ಕ ‘ಆಯ್ತು’ ಅನ್ನಲಿಲ್ಲ. ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಕಿಡಿ ನಡೆದಳು. ತಂಗಿ ಹಾರಿಸಲಿಲ್ಲ. ಕಿಡಿ ಕಂದಕಕ್ಕೆ ಬಿದ್ದಳು.

ಎರಡನೆಯ ಜೀವ. ಅಕ್ಕ ಮತ್ತೆ ನಡೆಸಿದಳು. “ತಾಳೇ, ಮಾತಾಡ್ತಿದೀನಲ್ಲ” ಎಂದಳು ತಂಗಿ. ಕಿಡಿ ಮತ್ತೆ ಬಿದ್ದಳು.

ಉಳಿದದ್ದು ಒಂದೇ ಜೀವ. ಅಂಚು ಹತ್ತಿರವಾದಾಗ ತಂಗಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ, ಕೈ ಚಾಚಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು. ಅಕ್ಕ ರಿಮೋಟು ಬಿಟ್ಟು, ಮಣಿಕಟ್ಟು ಕೊಸರಿ ಬಿಡಿಸಿಕೊಂಡು, ಆ ಕೈಯ ಮೇಲೆ ಫಟ್ಟನೆ ಒಂದು ಏಟು ಕೊಟ್ಟಳು. ಹನ್ನೆರಡು ವರ್ಷದವಳಿದ್ದಾಗ ಕೊಡುತ್ತಿದ್ದ ಅದೇ ಏಟು, ಅಷ್ಟೇ ಉರಿ. ತಂಗಿಯ ಕಡೆ ತಿರುಗಿಯೂ ನೋಡದೆ ಹೆಬ್ಬೆರಳನ್ನು ಮತ್ತೆ ಗುಂಡಿಯ ಮೇಲೆ ಊರಿದಳು.

ಕಿಡಿ ಅಂಚಿಗೆ ಬಂದಳು. ತಂಗಿ ಹಾರಿಸಿದಳು. ಆಚೆ ದಡದಲ್ಲಿ ಕಾದಿದ್ದ ಕರಿಹಕ್ಕಿಯ ಮೇಲೆ, ಕೂಡಿಟ್ಟಿದ್ದ ಬೆಂಕಿಯನ್ನೆಲ್ಲ ಸುರಿದಳು. ಕೋಣೆಯ ಗೋಡೆ ಕೆಂಪಗಾಯಿತು. ಅಕ್ಕನ ಬಾಯಿಯ ಎಡಗಡೆ ಒಂದಿಷ್ಟು ಮೇಲೆದ್ದಿತು. ಬಲಗಡೆ ಇದ್ದ ಹಾಗೇ ಇತ್ತು.

ತಂಗಿ ಫೋನ್ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಭಾವ ಚೀಲವನ್ನು ಗಾಡಿಗೆ ಹಾಕಿ, ಹೊರಗಿನಿಂದ ಎರಡು ಸಲ ಕರೆದ. ತಂಗಿ ಹೊಸ್ತಿಲಲ್ಲೇ ನಿಂತಿದ್ದಳು.

“ಬರ್ತೀನಿ ಅಕ್ಕ.”

“ಆಯ್ತು.”

ತಂಗಿ ಹೊಸ್ತಿಲು ದಾಟಲಾರದೆ ತಿರುಗಿ ನೋಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಹೊದಿಕೆಯ ಮೇಲೆ ಅವಳ ಎಡಗೈಯ ಹೆಬ್ಬೆರಳು ಮಾತ್ರ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ, ಬಲಕ್ಕೆ ಒತ್ತಿಕೊಂಡಿತ್ತು.